ಜಪಾನಿನ ರೈಲೂ ನನ್ನ ಸಲಹೆಯೂ

ಒಂದು ದೇಶಕ್ಕೆ ಒಂದೇ ಸಲ ಹೋಗಿ ಬಂದವನಷ್ಟು ಧೈರ್ಯದಿಂದ ಸಲಹೆ ಕೊಡುವವರು ಬೇರೆ ಯಾರೂ ಇಲ್ಲ. ಕಂಪೆನಿಯ ತರಬೇತಿಗೆಂದು ನಾನೊಮ್ಮೆ ಕೆಲವು ದಿನ ಜಪಾನಿನಲ್ಲಿದ್ದೆ. ಅಷ್ಟಕ್ಕೇ ಸೌದಿಯ ದಹ್ರಾನಿನ ನಮ್ಮ ಕಂಪೆನಿ ಕ್ಯಾಂಪಿನಿಂದ ಜಪಾನಿಗೆ ಹೊರಟವರೆಲ್ಲ ನಮ್ಮ ಮನೆಗೆ ಬಂದು ಚಹಾ ಕುಡಿದು, ಏನು ನೋಡಬೇಕು, ಯಾವ ರೈಲು ಹತ್ತಬೇಕು ಎಂದು ಕೇಳಿಕೊಂಡು ಹೋಗುತ್ತಾರೆ. ಪಕ್ಕದ ಮನೆಯ ರಫೀಕ್, ಜುಬೇದಾ ದಂಪತಿಗೂ ಹೇಳಿದ್ದೆ: ಕ್ಯೋಟೋದಲ್ಲಿ ಜನ ಸೇರುವ ಮೊದಲೇ ಬಿದಿರಿನ ತೋಪು ನೋಡಿ, ರೈಲಿನೊಳಗೆ ಫೋನಿನಲ್ಲಿ ಮಾತಾಡಬೇಡಿ, ಮುಖ್ಯವಾಗಿ, ಬಾಗಿಲು ತೆರೆದ ಕೂಡಲೇ ಹತ್ತಿಬಿಡಿ, ಆ ರೈಲು ಯಾರಿಗೂ ಕಾಯುವುದಿಲ್ಲ.

ರಫೀಕ್ ಹತ್ತಿಬಿಟ್ಟ. ಅವರು ಹೋದ ವಾರ, ಶುಕ್ರವಾರ, ಬೋಗಿಗಳ ನಡುವೆ ನಿಂತು ನನಗೆ ಫೋನ್ ಮಾಡಿ ಪಿಸುಗುಟ್ಟಿದ. ಕ್ಯೋಟೋದಿಂದ ಒಸಾಕಾಕ್ಕೆ ಹೊರಟ ಬುಲೆಟ್ ರೈಲಿನಲ್ಲಿ ಪೆಟ್ಟಿಗೆಗಳು, ಇಬ್ಬರ ಪಾಸ್‌ಪೋರ್ಟು, ಹೆಂಡತಿಯ ಫೋನು ಎಲ್ಲವೂ ಇವೆಯಂತೆ, ಹೆಂಡತಿ ಇಲ್ಲ. ಅವಳು ಪ್ಲಾಟ್‌ಫಾರ್ಮಿನಲ್ಲಿ ನೀರಿನ ಬಾಟಲಿ ತರಲು ಹೋಗಿದ್ದಳಂತೆ.

"ಎಂತ ಮಾಡುದು ಮಾರಾಯ್ರೆ? ಅವಳಿಗೆ ಹೋಟೆಲಿನ ಹೆಸರೂ ಗೊತ್ತಿಲ್ಲ."

ನಾನು ತಜ್ಞನ ಗತ್ತು ಬಿಡದೆ, ಮುಂದಿನ ನಿಲ್ದಾಣದಲ್ಲಿ ಇಳಿದು ವಾಪಸ್ ಹೋಗುವ ರೈಲು ಹತ್ತು ಎಂದೆ. ನಾನು ಫೋನ್ ಕೆಳಗಿಡುವಷ್ಟರಲ್ಲಿ ನನ್ನ ಹೆಂಡತಿ ಜಯಂತಿಗೆ ಜಪಾನಿನಿಂದ ಕರೆ ಬಂತು. ಜುಬೇದಾ, ನಿಲ್ದಾಣದ ಸಿಬ್ಬಂದಿಯ ಫೋನಿನಿಂದ! ಗಂಡನದು ಅಲ್ಲಿ ಕೊಂಡ ಹೊಸ ಸಿಮ್ಮು, ಆ ನಂಬರು ಅವಳಿಗೆ ತಿಳಿಯದು; ಅವಳ ಫೋನೋ ಜಪಾನಿನಲ್ಲಿ ಕೆಲಸ ಮಾಡುತ್ತಿರಲಿಲ್ಲ. ಅಜ್ಜಿಯ ಬಳಿ ಬಿಟ್ಟುಹೋದ ತನ್ನ ಮಗಳಿಗೆ ಆಪತ್ತಿಗಿರಲಿ ಎಂದು ಜಯಂತಿಯ ನಂಬರು ಬಾಯಿಪಾಠ ಮಾಡಿಸುತ್ತ ತಾನೂ ಕಲಿತಿದ್ದಳು. ನಿಲ್ದಾಣದ ಸಿಬ್ಬಂದಿ ಅವಳನ್ನು ಮುಂದಿನ ರೈಲು ಹತ್ತಿಸುತ್ತಾರಂತೆ.

"ಜಯಂತಿಯಕ್ಕ, ಅವರು ಇಳಿದಲ್ಲೇ ನಿಲ್ಲಲಿ. ಅಲ್ಲಾಡುದು ಬೇಡ ಅಂತ ಹೇಳಿ."

ಅಂದರೆ ಅವಳು ಒಸಾಕಾದ ಕಡೆಗೆ, ಅವನು ನನ್ನ ಸಲಹೆಯಂತೆ ಕ್ಯೋಟೋದ ಕಡೆಗೆ! ನಾನು ರಫೀಕನಿಗೆ ಫೋನ್ ಮಾಡಿದೆ. ಎತ್ತಲಿಲ್ಲ. ಮತ್ತೆ ಮಾಡಿದೆ. ಎತ್ತಲಿಲ್ಲ. ನನ್ನ ಉಪದೇಶದಂತೆ ಅವನು ಫೋನಿನ ಸದ್ದು ಅಡಗಿಸಿ ಜೇಬಿಗಿಳಿಸಿದ್ದ. ಜಯಂತಿ ನನ್ನನ್ನೇ ನೋಡುತ್ತಿದ್ದಳು. ಅದಕ್ಕಿಂತ ಬೈದಿದ್ದರೆ ಚೆನ್ನಾಗಿತ್ತು. ಎಷ್ಟನೆಯ ಸಲಕ್ಕೋ ಅವನು ಎತ್ತಿದಾಗ ಅವಳು ಫೋನನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ರಫೀಕ್, ಎಲ್ಲಿದ್ದೀರಿ?"

ವಾಪಸ್ ರೈಲಿನ ಬಾಗಿಲಲ್ಲಿ, ಒಂದು ಕಾಲು ಒಳಗಿಟ್ಟು ನಿಂತಿದ್ದನಂತೆ.

"ಕಾಲು ಹೊರಗೆ ತೆಗೀರಿ. ಅಲ್ಲೇ ನಿಲ್ಲಿ, ಅವಳೇ ಬರ್ತಾಳೆ."

ಬಂದಳು. ರಫೀಕ್ ಪ್ಲಾಟ್‌ಫಾರ್ಮಿನಲ್ಲೇ ಕಣ್ಣೀರು ಹಾಕಿದನಂತೆ. ಅವಳು ನೀರಿನ ಬಾಟಲಿ ಕೊಟ್ಟಳಂತೆ.

ಈಗಲೂ ಜಪಾನಿಗೆ ಹೊರಟವರು ನಮ್ಮ ಮನೆಗೆ ಬರುತ್ತಾರೆ. ನನಗೆ ನಮಸ್ಕಾರ ಹೇಳಿ ನೇರ ಅಡುಗೆಮನೆಗೆ ಹೋಗಿ ಜಯಂತಿಯನ್ನು ಕೇಳುತ್ತಾರೆ. ಆಕೆ ಜಪಾನು ನೋಡಿಲ್ಲ. ಚಹಾ ಮಾತ್ರ ನಾನು ಮಾಡುತ್ತೇನೆ.