ಹಿಂದಿನ ಬಾಗಿಲ ಲೆಕ್ಕ

ತಪ್ಪೆಲ್ಲ ಯತೀಶನ ಬಾಯಿಯದೇ. ಪಕ್ಕದ ಮನೆಯ ಮರಿಸಿದ್ದಯ್ಯನವರು ಕಾಂಪೌಂಡ್ ಗೋಡೆಯಾಚೆಯಿಂದ ಅದೇನಪ್ಪಾ ನಿನ್ನ ಪಿಎಚ್.ಡಿ. ಎಂದು ಕೇಳಿದಾಗ ‘ಗಣಿತ’ ಎಂದು ಒಳಗೆ ಹೋಗಿದ್ದರೆ ಮುಗಿಯುತ್ತಿತ್ತು. ಏಳು ವರ್ಷಗಳಲ್ಲಿ ಇಡೀ ಮಳವಳ್ಳಿಯಲ್ಲಿ ಒಬ್ಬರಾದರೂ ಕೇಳಿದರಲ್ಲ ಎಂಬ ಸಂತೋಷಕ್ಕೆ ಪೂರ್ತಿ ಹೇಳಿಬಿಟ್ಟ.

ನಡುಗುವ ತಂತಿಗೊಂದು ಸಮೀಕರಣವಿದೆ. ಅದರೊಳಗೆ ಐಗೆನ್‌ವ್ಯಾಲ್ಯೂ ಎಂಬ ಸಂಖ್ಯೆಗಳು ಅಡಗಿ ಕೂತಿರುತ್ತವೆ. ಒಂದೊಂದನ್ನೇ ಹುಡುಕಿ ಹಿಡಿಯುವುದು ಕಷ್ಟ. ಆದರೆ ಎಷ್ಟಿವೆ ಎಂದು ಎಣಿಸಲು ಸಿಂಪ್ಲೆಕ್ಟಿಕ್ ಜ್ಯಾಮಿತಿಯಲ್ಲಿ ಉಪಾಯವುಂಟು. ಒಂದು ಗೆರೆಯನ್ನು ಬಾಗಿಲಿನಂತೆ ನಿಲ್ಲಿಸಿ ಇನ್ನೊಂದನ್ನು ತಿರುಗಿಸುತ್ತ ಹೋಗುವುದು. ಈ ಕಡೆಯಿಂದ ದಾಟಿದರೆ ಒಂದು ಕೂಡು, ಆ ಕಡೆಯಿಂದ ದಾಟಿದರೆ ಒಂದು ಕಳೆ. ಉಳಿದದ್ದೇ ಲೆಕ್ಕ, ಯಾರ ಮುಖವನ್ನೂ ನೋಡಬೇಕಾಗಿಲ್ಲ.

“ಅಂಗಾರೆ ನಾಳೆ ನಮ್ಮ ಬೀಗರೂಟುಕ್ಕೆ ಛತ್ರದ ಬಾಗ್ಲಲ್ಲಿ ನೀನೇ ಕೂತ್ಕೊ ಕಣಪ್ಪ. ಒಳೀಕೆ ಎಷ್ಟು ಜನ ಅವ್ರೆ ಅಂತ ಹೇಳ್ತಿದ್ರೆ ಸಾಕು,” ಎಂದರು ಮರಿಸಿದ್ದಯ್ಯ.

ನಾಳೆ ಮೂರು ಗಂಟೆಗೆ ಮಂಡ್ಯದಲ್ಲಿ ತನ್ನ ವೈವಾ ಪರೀಕ್ಷೆ ಇದೆ, ಅದು ಕೈಕೊಟ್ಟರೆ ಅತಿಥಿ ಉಪನ್ಯಾಸಕನಾಗಿಯೇ ತಲೆ ನರೆಯಬೇಕಾಗುತ್ತದೆ ಎಂದು ಯತೀಶ ಅಂಗಲಾಚಿದ. ಮೊದಲ ಪಂಕ್ತಿ ಕೂತ ಕೂಡಲೇ ಬಿಟ್ಟುಬಿಡುತ್ತೇನೆ ಎಂದು ಅವರು ಮಾತು ಕೊಟ್ಟರು.

ಬೀಗರೂಟದಲ್ಲಿ ಬಾಡು ತಡವಾದರೆ ಕ್ಷಮೆಯುಂಟು, ಮುದ್ದೆ ಆರಿದರೆ ಇಲ್ಲ. ಅದಕ್ಕೇ ಅಡುಗೆಯ ದೇವಿರಮ್ಮ ಒಳಗಿರುವ ತಲೆಗಳಷ್ಟೇ ಮುದ್ದೆ ಕಟ್ಟುವವರು. ಮರುದಿನ ಯತೀಶ ಪ್ರಬಂಧದ ಪ್ರತಿಯನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಬಾಗಿಲಲ್ಲಿ ಕೂತ. ಬಂದವರಿಗೆ ಕೂಡಿದ, ಬೀಡಿ ಸೇದಲು ಹೊರಟವರಿಗೆ ಕಳೆದ, ಫೋನ್ ಮುಗಿಸಿ ಮರಳಿದವರಿಗೆ ಮತ್ತೆ ಕೂಡಿದ. ಕೊನೆಗೆ ನೂರಾ ಹದಿನೆಂಟು ಎಂದು ಎದೆಯುಬ್ಬಿಸಿ ಸಾರಿದ.

ಎಲೆಯ ಮುಂದೆ ನೂರಾ ನಲವತ್ತೊಂದು ಜನ ಕೂತಿದ್ದರು. ಮುದ್ದೆಯಿಲ್ಲದ ಇಪ್ಪತ್ತಮೂರೂ ಮಂದಿ ಗಂಡಿನ ಕಡೆಯವರೇ. ಮರಿಸಿದ್ದಯ್ಯನವರು ಆ ಇಪ್ಪತ್ತಮೂರನ್ನೂ ಯತೀಶನೇ ನುಂಗಿದನೆಂಬಂತೆ ನೋಡಿದರು. ದೇವಿರಮ್ಮ ಮುದ್ದೆಕೋಲು ಹಿಡಿದೇ ಬಂದರು.

“ಮುಂದ್ಲ ಬಾಗ್ಲು ಕಾದೆ, ಸರಿ. ಇಂದ್ಲ ಬಾಗ್ಲು ಯಾರ್ಲಾ ಕಾದೋರು?”

ಗಂಡಿನ ಕಡೆಯ ಬಸ್ಸು ನೆರಳಿಗೆಂದು ಛತ್ರದ ಹಿಂದೆ ನಿಂತಿತ್ತು.

ಯತೀಶ ಬೆಚ್ಚಿದ್ದು ಮುದ್ದೆಕೋಲಿಗಲ್ಲ. ಅವನ ಪ್ರಬಂಧದ ಎಣಿಕೆಯೂ ಒಂದು ಚೌಕದ ಸುತ್ತ ನಡೆಯುತ್ತಿತ್ತು, ಛತ್ರದಂತೆ ಅದಕ್ಕೂ ಹಿಂದಿನ ಪಕ್ಕವಿತ್ತು. ಬಲು ಕೆಳಗಿನಿಂದ ಯಾವುದಾದರೂ ಐಗೆನ್‌ವ್ಯಾಲ್ಯೂ ಆ ಕಡೆಯಿಂದ ನುಸುಳಿದರೆ? ಕಾದಿದ್ದೇನೋ ಇಲ್ಲವೋ, ಏಳು ವರ್ಷದ ಗೊಂದಲದಲ್ಲಿ ನೆನಪೇ ಬರಲಿಲ್ಲ. ಓಡಿಹೋಗಿ ನೋಡಿದರೆ ಪ್ರಬಂಧದ ಮೇಲೆ ಯಾರೋ ಸಾರಿನ ಪಾತ್ರೆ ಇಳಿಸಿದ್ದರು. ನಡುವಿನ ಹಾಳೆಗಳೆಲ್ಲ ಸಾರು ಕುಡಿದು ರೊಟ್ಟಿಯಂತೆ ಅಂಟಿಕೊಂಡಿದ್ದವು.

ಎರಡನೇ ಪಂಕ್ತಿಗೆ ಎರಡೂ ಬಾಗಿಲು ಕಾಯಿಸಿಯೇ ಅವನನ್ನು ಬಿಟ್ಟರು. ಮಂಡ್ಯದವರೆಗೂ ಬಸ್ಸಿನಲ್ಲಿ ನಿಂತುಕೊಂಡೇ ಬಂದ. ಪಾಪ, ಸುಳ್ಳು ಹೇಳಿ ಅಭ್ಯಾಸವಿಲ್ಲದ ಪ್ರಾಣಿ. ಕೇಳುವ ಮೊದಲೇ ಒಪ್ಪಿಕೊಳ್ಳುವುದು ಮರ್ಯಾದೆ ಎಂದು ದಾರಿಯಲ್ಲೇ ನಿರ್ಧರಿಸಿದ.

ಪರೀಕ್ಷಕಿಯಾಗಿ ಹೊರಗಿನಿಂದ ಬಂದಿದ್ದವರು ಪ್ರೊಫೆಸರ್ ಮೋಹಿನಿ. ಯತೀಶ ನಮಸ್ಕಾರ ಮಾಡಿದವನೇ, ತನ್ನ ಪ್ರಮೇಯದ ಸಾಧನೆಯಲ್ಲಿ ಚೌಕದ ಹಿಂದಿನ ಪಕ್ಕ ತೆರೆದೇ ಇದೆ, ಅಲ್ಲಿಂದ ಯಾವುದೂ ಬರುವುದಿಲ್ಲವೆಂದು ತಾನು ಎಲ್ಲೂ ತೋರಿಸಿಲ್ಲ, ಕ್ಷಮಿಸಬೇಕು ಎಂದ. ಪಕ್ಕದಲ್ಲಿದ್ದ ಗೈಡು ನಾಗರಾಜು ತಲೆಯ ಮೇಲೆ ಕೈ ಹೊತ್ತರು.

ಮೋಹಿನಿ ನಿಧಾನವಾಗಿ ತಮ್ಮ ಪ್ರತಿಯ ಪುಟ ತಿರುಗಿಸಿದರು.

“ನಲವತ್ತಮೂರನೇ ಪುಟದಲ್ಲಿ ಅದನ್ನೇ ತೋರಿಸಿದ್ದೀರಲ್ಲ. ಅಷ್ಟು ಕೆಳಗೆ ಐಗೆನ್‌ವ್ಯಾಲ್ಯೂ ಇರೋಕೇ ಸಾಧ್ಯವಿಲ್ಲ ಅಂತ. ಇಡೀ ಪ್ರಬಂಧದಲ್ಲಿ ನನಗೆ ತುಂಬ ಹಿಡಿಸಿದ್ದೇ ಈ ಪುಟ.”

ಯತೀಶನಿಗೆ ಹೋದ ಜೀವ ಬಂದಂತಾಯಿತು. ಕಣ್ಣಲ್ಲಿ ನೀರೂ ಬಂತು. ಮೋಹಿನಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ಈಗ ನಿಜ ಹೇಳಿ. ಇದನ್ನ ನಿಮಗೆ ಬರೆದುಕೊಟ್ಟೋರು ಯಾರು?”