ನಾದಿನಿ ನನ್ನ ಹೊಟ್ಟೆ ಹೊಕ್ಕದ್ದು

"೧೯೯೮ರ ಆಗಸ್ಟ್ ೧೧, ಮಂಗಳವಾರ. ಪಿತ್ತಕೋಶ ತೆಗೆದರು. ಗಂಜಿಗೆ ಉಪ್ಪು ಹಾಕಿರಲಿಲ್ಲ." ನನ್ನ ಡೈರಿಯ ಈ ಸಾಲಿಗೆ ಮನೆಮಂದಿ ಇಂದಿಗೂ ನಗುತ್ತಾರೆ. ನಗಲಿ. ಬಿ.ಎ. ಓದಿದವಳು ನಾನು, ಬರೆದಿಡುತ್ತೇನೆ. ದವಾಖಾನೆಗೆ ಹೋದಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ. ಬರೆಯದಿದ್ದರೆ ಯಾರು ನಂಬುತ್ತಾರೆ?

೧. ಕನ್ನಡಕ

ಈ ವರ್ಷ ಹೊಟ್ಟೆನೋವು ಬಿಡಲಿಲ್ಲ. ರೋಣದಿಂದ ಗದಗಿಗೆ ಹೋಗಿ ಸ್ಕ್ಯಾನ್ ಮಾಡಿಸಿದೆವು. ಆಪರೇಶನ್ ಬೇಕೋ ಬೇಡವೋ ಎಂದು ಹೇಳಲು ಮರುದಿನ ಕರೆದ ಹರೆಯದ ಡಾಕ್ಟರು, ಡಬ್ಬಿಯಂಥ ಕನ್ನಡಕ ತೋರಿಸಿದರು. ಅದನ್ನು ಕಟ್ಟಿಕೊಂಡರೆ ಸ್ಕ್ಯಾನಿನ ಚಿತ್ರದೊಳಗೆ, ಅಂದರೆ ಹೊಟ್ಟೆಯೊಳಗೇ, ಅಡ್ಡಾಡಬಹುದಂತೆ. ನಾನು ಕೈ ಚಾಚಿದೆ. ಅವರು ಕಟ್ಟಿದ್ದು ನನ್ನ ಯಜಮಾನರಿಗೆ!

"ಹೊಟ್ಟಿ ನಂದ್ರಿ!"

"ನೀವು ಹೆದರ್ತೀರಿ ಅಮ್ಮಾರ. ಮೊದಲ ಸಾಹೇಬ್ರು ನೋಡ್ಲಿ."

ಹೆದರದ ಸಾಹೇಬರು ಎರಡು ಹೆಜ್ಜೆ ಇಟ್ಟವರೇ, "ಯವ್ವಾ, ಬಿದ್ನಿ!" ಎಂದು ಡಾಕ್ಟರನ್ನು ತಬ್ಬಿಕೊಂಡರು.

೨. ಹಿಂಬದಿ

ಆಮೇಲಾದರೂ ನನ್ನ ಪಾಳಿಯೇ? ಇಲ್ಲ. ಗಜೇಂದ್ರಗಡದಿಂದ ಬಂದಿದ್ದ ನಾದಿನಿ ಕಟ್ಟಿಕೊಂಡಳು. ಕೈಮಗ್ಗದ ಸೀರೆ ನೇಯುವಾಕೆ. ಕೈಯಲ್ಲಿನ ಗುಂಡಿ ಒತ್ತಿ, ಗೋಡೆಯ ಪರದೆಯಲ್ಲಿ ಕಾಣುತ್ತಿದ್ದ ನನ್ನನ್ನು ಬೋರಲು ಹಾಕಿದಳು.

"ಏನ್ ಮಾಡಾಕತ್ತಿ?"

"ಹಿಂಬದಿ ನೋಡಬೇಕು ವೈನಿ. ಮುಂದ ಎಲ್ಲಾ ಚಲೋನ ಕಾಣತೈತಿ."

ಎಳೆ ಎಣಿಸುವಂತೆ ನರ ಎಣಿಸಿ, "ಗಂಟು ಭಾಳ ಅದಾವ. ಹೊಟ್ಟಿ ನೋಡಿದ್ರ ಖಾಲಿ. ನಮ್ಮಣ್ಣನ್ನೂ ಹಿಂಗ ಉಪವಾಸ ಕೆಡವ್ತೀರೇನು?" ಎಂದಳು.

ಸ್ಕ್ಯಾನಿಗೆ ಉಪವಾಸ ಬರಲು ಹೇಳಿದ್ದರು! ಇಷ್ಟು ವರ್ಷ ನನ್ನ ಅಡುಗೆಮನೆಯಲ್ಲಿ ಹುಳುಕು ಸಿಗದವಳು ಹೊಟ್ಟೆಯೊಳಗೇ ಹೋಗಿ ಹುಡುಕಿದಳು.

೩. ಚೀಲ

"ಪಿತ್ತಕೋಶದ ತುಂಬ ಹರಳು," ಎಂದರು ಡಾಕ್ಟರು. "ನಾಳೇನ ತೆಗೀಬೇಕು."

ಯಜಮಾನರು ಸಹಿಗೆ ಪೆನ್ನು ತೆಗೆದೇಬಿಟ್ಟರು.

"ಅದನ್ನ ತೊಂಬತ್ತೆಂಟರಾಗ ತಗದಾರ್ರಿ!"

"ಮತ್ತ ಬೆಳದಿರಬೇಕು," ಎಂದರು ಯಜಮಾನರು, ಉಗುರಿನ ಮಾತಾಡುವಂತೆ.

ದವಾಖಾನೆಗೆ ಬೇಕಾದೀತೆಂದು ತಂದಿದ್ದ ಹಳೆಯ ಡೈರಿಯನ್ನು ಬ್ಯಾಗಿನಿಂದ ತೆಗೆದು ಮೇಜಿಗೆ ಬಡಿದೆ. ಡಾಕ್ಟರು ಓದಿದರು, ಬೆವರಿದರು, ಫೈಲು ತಿರುವಿದರು. ನಾವು ನೋಡಿದ್ದು ನನ್ನದೇ ಹೆಸರಿನ, ಮೆಣಸಗಿ ಊರಿನ ಒಬ್ಬಾಕೆಯ ಹೊಟ್ಟೆ! ಹೊರಗೆ ಬೆಂಚಿನ ಮೇಲಿದ್ದ ಆಕೆಯನ್ನು ಕರೆದು ನಡೆದದ್ದನ್ನು ಹೇಳಿದೆವು.

"ಇಷ್ಟು ಮಂದಿ ಅಡ್ಡಾಡಿ ಬಂದ್ರೇನು? ಅದಕ್ಕ ಮುಂಜಾನಿಂದ ಹೊಟ್ಟ್ಯಾಗ ಕಲಸಿದಂಗ ಆಗಾಕತ್ತಿತ್ತು!"

ನನ್ನ ಸ್ಕ್ಯಾನ್ ಹಾಕಿದಾಗ ಕನ್ನಡಕ ನಾನೇ ಕಟ್ಟಿಕೊಂಡೆ, ಯಾರಿಗೂ ಕೊಡಲಿಲ್ಲ. ಮೂಲೆಮೂಲೆ ಹುಡುಕಿದೆ. ಹರಳಿಲ್ಲ, ಆಪರೇಶನ್ ಇಲ್ಲ.

"ಬರೇ ಗ್ಯಾಸ್ ಅಮ್ಮಾರ," ಎಂದರು ಡಾಕ್ಟರು. ನಾದಿನಿ ಸೆರಗು ಬಾಯಿಗಿಟ್ಟುಕೊಂಡಳು.

ಸ್ಕ್ಯಾನಿನ ದುಡ್ಡನ್ನು ಜಗಳಾಡಿ ವಾಪಸು ಪಡೆದೆ. ಕೊನೆಗೆ ಆದ ಖರ್ಚು: ಯಜಮಾನರ ಬಸ್ ಚಾರ್ಜು, ಹೆಂಗಸರಿಗೆ ಪುಕ್ಕಟೆ; ಒಂದು ಪಟ್ಟಿ ಗುಳಿಗೆ; ಮತ್ತು ಡೈರಿಯಲ್ಲಿ, ನನ್ನ ಕೈಯಾರೆ, ನಾದಿನಿಯ ಎದುರೇ ಬರೆಯಬೇಕಾಗಿ ಬಂದ ಒಂದು ಶಬ್ದ: ಗ್ಯಾಸ್.