ಒತ್ತುವ ಮೊದಲೇ ಕೆಲಸ ಮುಗಿಸುವ ಗುಂಡಿಯ ಕುರಿತು

ಮಾನ್ಯ ಕಿಟಕಿ ಕಟ್ಟುವ ಲೈಬ್ರರಿಯವರೇ,

ಅನಂತ ವಂದನೆಗಳು. ತಮ್ಮಲ್ಲಿ ಸಾಲುಗಳೆಲ್ಲ ಕ್ಷೇಮವೆಂದೂ, ತೆರೆದ ಬ್ರಾಕೆಟ್‌ಗಳೆಲ್ಲ ಮುಚ್ಚಿಕೊಂಡು ನೆಮ್ಮದಿಯಾಗಿವೆಯೆಂದೂ ನಂಬಿದ್ದೇನೆ. ನಾನು ಅಕ್ಕನ ಹೊಲಿಗೆ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷಗಳಿಂದ ಬಟ್ಟೆ ಕತ್ತರಿಸುವ ಮಾಸ್ತರ. ಬಿಡುವಿನಲ್ಲಿ ಕಂಪ್ಯೂಟರಿಗೆ ಅಪ್ಪಣೆ ಕೊಡುವ ಸ್ಕ್ರಿಪ್ಟ್ ಬರೆಯಲು ಕಲಿತು, ಬರೆದ ಸಾಲುಗಳಿಗೆ ತೆರೆಯ ಮೇಲಿನ ಕಿಟಕಿ, ಪೆಟ್ಟಿಗೆ, ಗುಂಡಿಗಳನ್ನು ತೊಡಿಸಲು, ಇಂಥವನ್ನು ಕಟ್ಟುವ ಸಿದ್ಧ ಸಾಲುಗಳ ಭಂಡಾರವಾದ ತಮ್ಮ ಪಾದ ಹಿಡಿದವನು. ತಮ್ಮ ಕೈಪಿಡಿಯ ಮೊದಲ ಪುಟದಲ್ಲೇ ‘ಐದೇ ಸಾಲಿನಲ್ಲಿ ಕಿಟಕಿ’ ಎಂದಿದೆ. ಆರನೆಯ ಸಾಲಿನಿಂದ ಏನಾಗುತ್ತದೆಂದು ವಿಚಾರಿಸದೆ ಹೋದದ್ದು ನನ್ನದೇ ತಪ್ಪು.

ವಿಷಯಕ್ಕೆ ಬರುತ್ತೇನೆ. ಅಕ್ಕನ ಕಣ್ಣು ಮಂಜಾಗಿ, ಗಿರಾಕಿಗಳ ಅಳತೆಯನ್ನು ಪೆನ್ಸಿಲ್ಲಿನಲ್ಲಿ ಬರೆದಿಟ್ಟ ದಪ್ಪ ಪುಸ್ತಕ ಅವಳಿಗೀಗ ಬರೀ ಬೂದು ಹಾಳೆ. ಇದನ್ನು ಕಂಡ ನಮ್ಮ ಭಾವ, ಮುಂದಿನ ಒಂದನೇ ತಾರೀಖಿನಿಂದ ಕೌಂಟರಿನ ಕುರ್ಚಿಯಲ್ಲಿ ತಾವೇ ಕೂರುವುದಾಗಿಯೂ ಅಕ್ಕ ಮನೆಯಲ್ಲಿ ಆರಾಮವಾಗಿರಬಹುದೆಂದೂ ಸಾರಿಬಿಟ್ಟರು. ಭಾವ ಒಳ್ಳೆಯವರೇ. ಆದರೆ ಎದೆಯ ಅಳತೆಯನ್ನು ಮುಖ ನೋಡಿ ಅಂದಾಜಿಸುವವರು; ಅವರು ಅಳತೆ ಹೇಳಿದ ಅಂಗಿಯಲ್ಲಿ ಒಬ್ಬರಿಗೆ ಉಸಿರು ಕಟ್ಟಿದರೆ ಇನ್ನೊಬ್ಬರು ಸಂಸಾರ ಸಮೇತ ಹಿಡಿಸುತ್ತಾರೆ. ಆ ಕುರ್ಚಿ ಬಿಟ್ಟರೆ ಅಕ್ಕ ಅರ್ಧ ಜೀವ ಬಿಟ್ಟಂತೆಯೇ ಎಂದು ತಿಳಿದಿದ್ದ ನಾನು, ಅಳತೆಗಳನ್ನು ಅಂಗೈಯಗಲದ ಅಕ್ಷರಗಳಲ್ಲಿ ತೋರಿಸುವ ಕಿಟಕಿಯೊಂದನ್ನು ಮಾಡಿಕೊಡುತ್ತೇನೆಂದು ಎದೆ ತಟ್ಟಿ ಹೇಳಿದೆ.

ತಮ್ಮ ಮನೆಯ ಶಿಸ್ತನ್ನು ಹೊಗಳಲು ಪದಗಳು ಸಾಲವು. ತಮ್ಮಲ್ಲಿ ಗುಂಡಿಯನ್ನು ಹುಟ್ಟಿಸಿದರಷ್ಟೇ ಸಾಲದು, ಅದು ಎಲ್ಲಿ ಕೂರಬೇಕೆಂದು ಬೇರೆ ಸಾಲಿನಲ್ಲಿ ಅಪ್ಪಣೆ ಕೊಡದಿದ್ದರೆ ಅದು ಇದ್ದೂ ಕಾಣುವುದಿಲ್ಲ. ಇದು ತಿಳಿಯದೆ ‘ಹುಡುಕು’ ಎಂಬ ಗುಂಡಿಯನ್ನೇ ನಾನು ಮೂರು ದಿನ ಹುಡುಕಿದೆ. ಆಮೇಲೆ ಸಾಲಾಗಿ ಪೇರಿಸುವ ಕ್ರಮವನ್ನೂ ಚೌಕಳಿಯಲ್ಲಿ ಕೂರಿಸುವ ಕ್ರಮವನ್ನೂ ಒಂದೇ ಕಿಟಕಿಯಲ್ಲಿ ಬಳಸಿದಾಗ, ಒಂದೇ ಒಲೆಗೆ ಇಬ್ಬರು ಓರಗಿತ್ತಿಯರು ಬಂದಂತಾಗಿ ಕಿಟಕಿ ತಟಸ್ಥವಾಗಿ ನಿಂತುಬಿಟ್ಟಿತು. ತಪ್ಪು ಏನೆಂದು ತಾವು ಒಂದು ಮಾತೂ ಆಡಲಿಲ್ಲ. ಇನ್ನೊಬ್ಬರ ಮನಸ್ಸು ನೋಯಿಸಬಾರದೆಂಬ ತಮ್ಮ ದೊಡ್ಡ ಗುಣ ನನಗೆ ಅರ್ಥವಾಗುತ್ತದೆ.

ಕಿಟಕಿ ತೋರಿಸುವ ದಿನ ಬೆಳಿಗ್ಗೆ ಭಾವನ ಒತ್ತಾಯಕ್ಕೆ ‘ಅಳಿಸು’ ಎಂಬ ಗುಂಡಿಯನ್ನೂ ಸೇರಿಸಿದೆ. ಗುಂಡಿಗೆ ಕೆಲಸದ ಹೆಸರಷ್ಟೇ ಹೇಳಬೇಕಿತ್ತಂತೆ. ನಾನು ಮರ್ಯಾದೆಗಿರಲೆಂದು ಹೆಸರಿನ ಮುಂದೆ ಎರಡು ಬ್ರಾಕೆಟ್ ಹಾಕಿದೆ. ತಾವು ಅದನ್ನು ‘ಈಗಲೇ ಮಾಡು’ ಎಂದು ತಿಳಿದು, ಗುಂಡಿ ತೆರೆಯ ಮೇಲೆ ಮೂಡುವ ಮೊದಲೇ, ಯಾರೂ ಒತ್ತದಿದ್ದರೂ, ಕೆಲಸ ಮುಗಿಸಿಬಿಟ್ಟಿರಿ. ಯಾರ ಹೆಸರನ್ನೂ ಆರಿಸದಿದ್ದರೆ ಎಲ್ಲರನ್ನೂ ಆರಿಸಿದಂತೆ ಎಂದು ನಾನೇ ಬರೆದಿದ್ದ ಸಾಲಿನ ಪುಣ್ಯದಿಂದ, ಪುಸ್ತಕ ನೋಡಿ ನಾನು ಒಬ್ಬೊಬ್ಬರನ್ನಾಗಿ ತುಂಬಿಸಿದ್ದ ನಾನೂರ ಹನ್ನೆರಡು ಗಿರಾಕಿಗಳು ಒಂದೇ ಉಸಿರಿಗೆ ಮಾಯವಾದರು.

ಆ ಹೊತ್ತಿಗೇ ಅಂಚೆಯವರು ಹೊಸ ಅಂಗಿಯ ಬಟ್ಟೆ ಹಿಡಿದು ಬಂದರು. ಕಿಟಕಿಯಲ್ಲಿ ಅವರ ಹೆಸರು ಹುಡುಕಿದರೆ, ನಾನು ಕೇಳಿಕೊಂಡಿದ್ದ ಅಂಗೈಯಗಲದ ಅಕ್ಷರಗಳಲ್ಲೇ ‘ಯಾರೂ ಇಲ್ಲ’ ಎಂದು ಬಂತು. ಭಾವ ನಗುತ್ತ ಕುರ್ಚಿಯ ಬೆನ್ನಿನ ಮೇಲೆ ಕೈಯಿಟ್ಟರು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಅಕ್ಕ ತೆರೆಯ ಕಡೆ ತಿರುಗದೆಯೇ ಭಾವನಿಗೆ ಹೇಳಿದಳು:

“ಎದೆ ಮೂವತ್ತೆಂಟು, ತೋಳು ಇಪ್ಪತ್ಮೂರೂವರೆ. ಎಡಭುಜ ಅರ್ಧ ಇಂಚು ಕೆಳಗೆ, ಚೀಲ ಹೊತ್ತೂ ಹೊತ್ತೂ ಇಳಿದಿದೆ. ಟೇಪ್ ಹಿಡೀರಿ. ತಪ್ಪಾದ್ರೆ ಕುರ್ಚಿ ನಿಮ್ದು.”

ಭಾವ ಜೀವನದಲ್ಲಿ ಮೊದಲ ಸಲ ಟೇಪ್ ಹಿಡಿದರು. ಎರಡು ಸಲ ಅಳೆದರು. ನೂಲಿನಷ್ಟೂ ವ್ಯತ್ಯಾಸವಿರಲಿಲ್ಲ. ಇಸ್ತ್ರಿಪೆಟ್ಟಿಗೆ ಕಾದಿರಬೇಕೆಂದು ಗೊಣಗುತ್ತ ಒಳಗೆ ಹೋದರು. ಇಷ್ಟು ವರ್ಷ ಪುಸ್ತಕ ಕೈಗೆಟಕುವಲ್ಲೇ ಇದ್ದದ್ದರಿಂದ, ಇದೆಲ್ಲ ತನಗೆ ಬಾಯಿಪಾಠವಾಗಿದೆ ಎಂಬುದು ಅಕ್ಕನಿಗೂ ಅಲ್ಲಿಯವರೆಗೆ ತಿಳಿದಿರಲಿಲ್ಲವಂತೆ. ಕತ್ತರಿಸುವ ಮೇಜಿನ ಹಿಂದೆ ನಿಂತು ನಾನು ಸಂತೋಷಕ್ಕೆ ಅತ್ತೇಬಿಟ್ಟೆ, ಮಾನ್ಯರೇ. ತಾವು ಅಷ್ಟು ಅಚ್ಚುಕಟ್ಟಾಗಿ ಎಲ್ಲವನ್ನೂ ಅಳಿಸದಿದ್ದರೆ ಅವಳ ಕುರ್ಚಿ ಉಳಿಯುತ್ತಿರಲಿಲ್ಲ.

ಈಗ ಅಕ್ಕ ಕುರ್ಚಿಯಲ್ಲಿ ಕೂತು ಅಳತೆಗಳನ್ನು ಹೇಳುತ್ತಾಳೆ. ಪಕ್ಕದ ಸ್ಟೂಲಿನಲ್ಲಿ ಭಾವ ಒಂದೇ ಬೆರಳಿನಲ್ಲಿ ಟೈಪು ಮಾಡುತ್ತಾರೆ. ದೊಡ್ಡ ಅಕ್ಷರಗಳು ಅವರಿಗೂ ಅನುಕೂಲವಾಗಿವೆ. ಆದ್ದರಿಂದ ತಮ್ಮಲ್ಲಿ ಅರಿಕೆ ಇಷ್ಟೇ: ಮುಂದಿನ ಆವೃತ್ತಿಯಲ್ಲಿ ತಮ್ಮ ಬ್ರಾಕೆಟ್‌ಗಳು ಬರೆದವನ ಮನಸ್ಸನ್ನು ಅರಿಯುವಂತಿರಲಿ, ಪ್ರತಿ ಕಿಟಕಿಯ ಜೊತೆಗೆ ಒಬ್ಬ ಅಕ್ಕನನ್ನೂ ಕಳುಹಿಸಿಕೊಡುವಂತಾಗಲಿ. ತಮ್ಮ ಅಳತೆ ತಿಳಿಸಿದರೆ ಒಂದು ಅಂಗಿ ಹೊಲಿದುಕೊಡುತ್ತೇವೆ. ಅದರ ಗುಂಡಿಗಳು ಎಲ್ಲಿ ಕೂರಬೇಕೆಂದು ತಮ್ಮನ್ನು ಪೀಡಿಸುವುದಿಲ್ಲ.

ಎಲ್ಲ ಅಳಿಸಿಹೋದ ಮೇಲೂ ಮುನಿಯದ,
ತಮ್ಮ ವಿಶ್ವಾಸಿ,
ಕತ್ತರಿ ಮಾಸ್ತರ

ಮರೆತ ಮಾತು: ಟೈಪು ಮಾಡಿ ಬೆರಳು ಸವೆದ ಭಾವ, ಕಿಟಕಿಯಲ್ಲಿ ‘ಅಕ್ಕನಿಗೆ ವಿಶ್ರಾಂತಿ’ ಎಂಬ ಗುಂಡಿಯೊಂದನ್ನು ಇಡಲೇಬೇಕೆಂದು ಹಟ ಹಿಡಿದಿದ್ದಾರೆ. ಹಿರಿಯರ ಮಾತು ಮೀರಬಾರದು, ಗುಂಡಿ ಮಾಡಿಟ್ಟಿದ್ದೇನೆ. ಎಲ್ಲಿ ಕೂರಬೇಕೆಂದು ಮಾತ್ರ ಅದಕ್ಕೆ ಹೇಳಿಲ್ಲ.